ಅರ್ಧ ಬೆರಳು

ದೋಣಿ ಕಾರವಾರದ ಬೈತಖೋಲದಾಗ ಐತಿ,
ನಾ ಕೊಲ್ಹಾರದಾಗ ಅದೀನಿ,
ನಡುವ ರೋಹಿದಾಸ ತಾಂಡೇಲ ಅನ್ನೂ ದಲಾಲ.
ಅವನ ಮುಖ ಒಮ್ಮೆನೂ ಪೂರಾ ಕಂಡಿಲ್ಲ.
ಫೋನಿನ್ಯಾಗ ಬರೇ ಹೆಬ್ಬೆರಳು ಕಾಣತೈತಿ,
ಒಂದೊಂದು ಸಲ ಮೂಗಿನ ಹೊಳ್ಳಿ.

ಫೈಬರ್ ದೋಣಿ. ಇಪ್ಪತ್ತೆರಡು ಫೂಟು. ಹನ್ನೊಂದು ವರ್ಷದ್ದು.
ಬಣ್ಣ ನೀಲಿ ಅಂದಾನ, ನಮಗ ಬೂದಿ ಕಾಣತೈತಿ.
"ಬಿಸಿಲು ಬಾಯಿ, ಬಿಸಿಲಿಗೆ ಹಾಗೆ ಕಾಣ್ತದೆ."

ನಮ್ಮನಿಯವರು ಹರಗೋಲಿನ್ಯಾಗ ಮೂವತ್ತು ವರ್ಷ ಮೀನ ಹಿಡದಾರ.
ಗಾಳಿ ಬಿಟ್ಟ ದಿನ ಅದರ ದಿಕ್ಕು ಅದಕ್ಕ, ಇವರ ದಿಕ್ಕು ಇವರಿಗೆ.
ಅವರೇ ಫೋನ್ ಹಿಡಕೊಂಡು ಮಾಳಗಿ ಹತ್ತಿದ್ರು,
ಅಲ್ಲಾದ್ರ ಎರಡು ಗೆರಿ ನೆಟ್‌ವರ್ಕ್ ಸಿಗತೈತಿ.
"ತಳ ತೋರಸ್ರಿ" ಅಂದ್ರು. ತೋರಿಸಿದ.
"ಮೂತಿ ತೋರಸ್ರಿ." ತೋರಿಸಿದ.
ಎಲ್ಲಾ ತೋರಿಸಿದ, ನಮಗೇನೂ ತಿಳೀಲಿಲ್ಲ.
ಆಕಳ ಆಗಿದ್ರ ಹಲ್ಲು ನೋಡತಿದ್ವಿ.

ನಾ ಗಡಗಿಯಾಗ ಮೊಸರು ಹೆಪ್ಪ ಹಾಕಿ ಮಾರಾಕಿ.
ಇಪ್ಪತ್ತಾರು ವರ್ಷ ಕುಂಬಾರ ಓಣಿಯಾಗ
ಒಂದೊಂದು ಗಡಗಿ ಬಡದು ನೋಡಿ ತಗೊಂಡಾಕಿ.
ಖಣ್ ಅಂದ್ರ ಮನಿಗೆ, ಥಪ್ ಅಂದ್ರ ಅಲ್ಲೇ ವಾಪಸ್.
"ಕೊಡ್ರಿ ಇಲ್ಲಿ ಫೋನು" ಅಂದೆ.
"ಅಣ್ಣಾ, ಫೋನ್ ದೋಣಿಗೆ ಹಚ್ಚಿ ಹಿಡಿ,
ಗೇಣಿಗೊಂದು ಸಲ ಬಡೀತ ಹೋಗು.
ಬೆರಳಾಗ ಉಂಗುರ ಐತೆಲ್ಲ, ಅದರಲೆ ಬಡಿ."

ಅಂವ ನಕ್ಕ. ಆಮ್ಯಾಲೆ ಬಡದ.
ನಾ ಕಣ್ಣು ಮುಚ್ಚಿ ಕುಂತೆ.
ಟಣ್. ಟಣ್. ಕಾಗಿ ಒದರಿತು, ಅಲ್ಲಿದೋ ಇಲ್ಲಿದೋ.
ಟಣ್. ಟಣ್. ಹಿಂದ ಸಮುದ್ರ ಇತ್ತು,
ಯಾರೋ ಜ್ವಾಳ ಕೇರಿದಂಗ, ಒಂದೇ ಸಮನ.
ಟಣ್. ಟಣ್.
ದಪ್.

"ಅಲ್ಲೇ ನಿಂದರು. ಅಲ್ಲೇನೈತಿ?"

ರೋಹಿದಾಸ ಸುಮ್ಮನಾದ. ಸಮುದ್ರ ಅಷ್ಟ ಕೇರತಿತ್ತು.
"ಬಾಯಿ, ಮೂರು ವರ್ಷದ ಹಿಂದೆ ಬಂಡೆಗೆ ತಾಗಿತ್ತು.
ತೇಪೆ ಹಾಕಿದ್ದಾರೆ. ಒಳಗೆ ಸ್ವಲ್ಪ ನೀರು ಕುಡಿದಿರಬೇಕು."
"ಮೊದಲ ಯಾಕ ಹೇಳಲಿಲ್ಲ?"
"ಮೊದಲು ಯಾರೂ ಕೇಳಲಿಲ್ಲ."

ಒಂಬತ್ತು ಸಾವಿರ ಇಳಿದ.
ಇನ್ನೂ ಎರಡು ಇಳೀತಿದ್ದನೇನೋ,
ಖರೆ ಹೇಳಿದ ಮನಶ್ಯಾನ ಜೋಡಿ ಎಷ್ಟಂತ ಜಗ್ಗಾಡೂದು.

ಮರುದಿನ ಕಾಗದ ಓದಿದ, ಅಕ್ಷರಕ್ಕ ಅಕ್ಷರ.
ಮಾರುವವರು ಬುಧವಂತ ಹರಿಕಂತ್ರ.
ಕೊಳ್ಳುವವರು ತಂಗೆವ್ವ, ಗಂಡ ಸಿದರಾಯ, ಅಂಬಿಗೇರ.
ಸಂಘದ ಸಾಲ ನನ್ನ ಹೆಸರಿಲೆ, ಹಿಂಗಾಗಿ ದೋಣಿನೂ.
ಗಂಡನ ಹೆಸರು ನಾ ಎಂದೂ ಬಾಯಿಲೆ ಅಂದಾಕಿ ಅಲ್ಲ.
ದಲಾಲ ಅಂದ, ಎರಡು ಸಲ, ಕೂಗಿ,
"ಸರಿ ಇದೆಯಾ ಹೆಸರು?" ಅಂತ ಕೇಳಿದ.
"ಹೂಂ" ಅಂದೆ. ಮಾಳಗಿ ಕೆಳಗ ಅವರು ಕೆಮ್ಮಿದ್ರು.

ಉಳಿದ ರೊಕ್ಕ ಕಳಿಸೂ ಮುಂದ ಬೆರಳು ನಿಂತಿತು.
ಒಂದು ಲಕ್ಷ ಹದಿನಾಲ್ಕು ಸಾವಿರ.
ಎಷ್ಟು ಗಡಗಿ ಮೊಸರಾತು ಅಂತ ಎಣಸಾಕ ಹತ್ತಿದ್ದೆ,
ಹಸರು ಗುರುತು ಬಂದೇ ಬಿಟ್ಟಿತು.
ನಾ ಒತ್ತಿದ್ನೋ, ಬೆರಳೇ ಒತ್ತಿತೋ.

ಫೋನ್ ಇಡೂ ಮುಂದ ರೋಹಿದಾಸ ಅಂದ:
"ಒಂದು ಮಾತು ಬಾಯಿ. ಅದು ಉಪ್ಪುನೀರಿನಲ್ಲಿ ತೇಲಿದ್ದು.
ನಿಮ್ಮ ಸಿಹಿನೀರಿನಲ್ಲಿ ಅರ್ಧ ಬೆರಳು ಹೆಚ್ಚು ಮುಳುಗ್ತದೆ.
ಸೋರ್ತದೆ ಅಂತ ನನ್ನ ಬೈಬೇಡಿ."

ಮೂರನೇ ದಿನ ನಸುಕಿನ್ಯಾಗ ಲಾರಿ ಬಂತು.
ದೋಣಿ ನೀಲಿನೇ ಇತ್ತು.
ಸೇತುವಿ ಬುಡದಾಗ ಇಳಿಸೂದ್ರಾಗ
ಯಾರದೋ ಆಡು ಬಂದು ಅದರ ಬಾಜೂ ನೆಕ್ಕಾಕ ಹತ್ತಿತು,
ಹೊಡದ್ರೂ ಹೋಗವಲ್ದು.
ಯಾರೂ ನೋಡಧಂಗ ನಾನೂ ಬೆರಳು ಸವರಿ
ನಾಲಿಗಿ ಮ್ಯಾಲ ಇಟ್ಟೆ.
ಖರೆ, ಸಮುದ್ರದಿಂದನೇ ಬಂದೈತಿ.

ನೀರಿಗೆ ಬಿಟ್ವಿ. ಹಳೇ ನೀರಿನ ಗೆರಿ ಬೆಳ್ಳಗ ಇತ್ತು.
ಹೊಳಿ ಅದನ್ನ ದಾಟಿ ಏರಿತು, ನಿಂತಿತು.
"ಸೋರತೈತಿ!" ಅಂತ ನಮ್ಮನಿಯವರು ಡಬ್ಬಿ ಹುಡುಕಾಕ ಓಡಿದ್ರು.
ನಾ ಸೀರಿ ಎತ್ತಿ ಕಟ್ಟಿ ನೀರಿಗಿಳಿದು
ಗೆರಿ ಮ್ಯಾಲ ಬೆರಳು ಅಡ್ಡ ಇಟ್ಟು ನೋಡಿದೆ.
ಸರಿಯಾಗಿ ಅರ್ಧ.