ಈ ಪುಟಕ್ಕೆ ಯಾರು ಬೇಡ

ಹೀಯುಮಾ ದ್ವೀಪದ ಉಣ್ಣೆಯಂಗಡಿ. ಅದರ ಜಾಲತಾಣ
ಕ್ಲಿಕ್ಕಿಸಿದ ಮೇಲೆ ಹನ್ನೊಂದು ಸೆಕೆಂಡು ಬರೀ ಬಿಳಿ.
ಅಷ್ಟರಲ್ಲಿ ವಿರ್ವೆ ಅರ್ಧ ಸಾಲು ಹೆಣೆದಿರುತ್ತಾಳೆ.

ಕೈಡೊ ಒಳಹೊಕ್ಕು ಎಣಿಸಿದ: ಮೂವತ್ತೆರಡು ಪ್ಲಗಿನ್.
ಯಾವ ಪುಟ ಕೂಗಿದರೂ
ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿ ಹೊರಡುತ್ತಾರೆ:
ಭೂಪಟ, ಬುಟ್ಟಿ, ರಿಯಾಯಿತಿಯ ಗಂಟೆ,
ಹಿಂದಿನ ಹುಡುಗ ಯಾವ ಕ್ರಿಸ್ಮಸ್ಸಿಗೋ ಹಚ್ಚಿಟ್ಟು ಮರೆತು
ಜುಲೈನಲ್ಲೂ ಉದುರುತ್ತಿರುವ ಹಿಮ.

ಫೋನು ಭುಜಕ್ಕೊತ್ತಿಕೊಂಡು ಗಡಿ ಹಾಕುತ್ತ ಬಂದ.
ಭೂಪಟ ವಿಳಾಸದ ಪುಟಕ್ಕಷ್ಟೇ.
ಬುಟ್ಟಿ ಅಂಗಡಿ ದಾಟಕೂಡದು.
ಹಿಮ ಎಲ್ಲಿಗೂ ಬೇಡ. ವಿರ್ವೆ ನಕ್ಕಳು.

ಆಮೇಲೆ ಎಂಡೆಲ್‌ನ ಪುಟ.
ನಲವತ್ತು ವರ್ಷ ಇವರ ನೂಲಿಗೆ ಬಣ್ಣ ಕಟ್ಟಿದವನು,
ಏಪ್ರಿಲ್‌ನಲ್ಲಿ ತೀರಿಕೊಂಡ.
ಒಂದು ಫೋಟೋ, ಉಗುರುಗಳು ನೀಲಿ. ಕೆಳಗೆ ನಾಲ್ಕು ಸಾಲು.
ಎರಡನೆಯದು ಓದುವಷ್ಟರಲ್ಲಿ ಮೂಲೆಯಿಂದ ಪುಟಿದ
ಹಸಿರು ಗುಳ್ಳೆ: 'ತೆರೆ!'
(ಆ ನಾಡಿನಲ್ಲಿ ಅದು ನಮಸ್ಕಾರ)
'ನೀವು ಏನು ಹುಡುಕುತ್ತಿದ್ದೀರಿ?'

ಕೈಡೊನ ಬೆರಳು ನಿಂತಿತು.
ಮೂರು ತಿಂಗಳು ಇದು ಇಲ್ಲಿ
ಬಂದವರನ್ನೆಲ್ಲ ಹೀಗೇ ಕೇಳಿದೆ.

ಆರಿಸಿದ. ಗಂಟೆ ಆರಿಸಿದ. ನಕ್ಷತ್ರದ ಅಂಕ ಕೇಳುವುದನ್ನೂ.
'ಇಲ್ಲಿ ಎಲ್ಲ ತೆಗೆದುಬಿಡಲಾ?'

ಆ ಕಡೆ ಹೆಣಿಗೆ ಕಡ್ಡಿಗಳ ಸದ್ದು ನಿಂತು,
ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ:

'ಬುಟ್ಟಿಯೊಂದು ಇರಲಿ.
ಅವನು ಅದ್ದಿದ ಕೊನೆಯ ನೀಲಿ
ಇನ್ನೂ ಆರು ಲಡಿ ಇದೆ.

ಮಾರದಿದ್ದರೆ ಬೈಯುತ್ತಾನೆ.'