ಅಳತೆ ಪುಸ್ತಕ

ಶ್ರೀರಾಮಪುರದ ಅಂಗಡಿಗೆ ಬೀಗ ಹಾಕಿ
ತೇಜಾವತಿಯ ಜೊತೆ ಸೈಬರ್ ಠಾಣೆಗೆ ಹೋದೆ.
ಮುಖ ಇವಳದೇ ಸಾರ್, ಅಣ್ಣನ ಮದುವೆಯಲ್ಲಿ ತೆಗೆದದ್ದು,
ಆ ಮೂಗುತಿ ತಿರುಪಿದ್ದು ನಾನೇ.
ಕತ್ತಿನಿಂದ ಕೆಳಗೆ ಯಾರೂ ಅಲ್ಲ,
ಯಂತ್ರ ಕೂಡಿಸಿದ್ದು, ಹೊಲಿಗೆ ಕಾಣದ ಹಾಗೆ.

ಅದು ಹೇಗೆ ಹೇಳ್ತೀಯಮ್ಮ, ಎಂದ ರೈಟರ್.
ಲಂಗದ ಕಾಲದಿಂದ ಇವಳಿಗೆ ಹೊಲಿದವಳು ನಾನು.
ಭುಜ, ಎದೆ, ಸೊಂಟ, ವರ್ಷವರ್ಷದ್ದೂ ಇದರಲ್ಲಿದೆ.
ಕೊಡು, ಮಹಜರಿಗೆ ಬೇಕು,
ಕೈ ಚಾಚಿಯೇಬಿಟ್ಟ.

ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡೆ.
ಇವಳದಲ್ಲ ಅನ್ನೋಕೆ ಇವಳದನ್ನೇ ಬಿಚ್ಚಿಡಬೇಕಾ?
ಮುಖ ಕದ್ದಿದ್ದಾನೆ, ಅಷ್ಟು ಬರ್ಕೊಳ್ಳಿ.
ಅದಕ್ಕೆ ಎಷ್ಟು ವರ್ಷ ಅಂತ
ನಿಮ್ಮ ಪುಸ್ತಕ ತೆಗೆದು ನೋಡಿ, ನನ್ನದನ್ನಲ್ಲ.

ಪೆನ್ನಿನ ಮುಚ್ಚಳ ತೆಗೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.
ಅವಸರದಲ್ಲಿ ಟೇಪು ನನ್ನ ಕೊರಳಲ್ಲೇ ಉಳಿದಿತ್ತು;
ಅದರ ತುದಿಯನ್ನು ಬೆರಳಿಗೆ ಸುತ್ತಿಕೊಂಡು
ಕೂತಿದ್ದಳು ಹುಡುಗಿ.