ಮೂವತ್ತಾರನೆಯ ದಿನ

ಪೆಟ್ಟಿಗೆ ಕೆಳಗಿಡು, ದೊನಾತೊ. ಬಾಗಿಲಲ್ಲೇ ನಿಲ್ಲು.
ಬ್ರೀನಾ ಇನ್ನೂ ಬಾಣಂತಿ; ನಿನ್ನ ಬೂಟಿನ ತುಂಬ
ಕೆಳಗಿನ ಪೇಟೆಯ ನಾಯಿಗಳ ಸುದ್ದಿಯಿದೆ,
ಅವಳು ಮೊದಲು ಅದನ್ನು ಓದಿ ಮುಗಿಸಲಿ.

ಗುರುವಾರ ಮಗಳ ಹುಟ್ಟುಹಬ್ಬ ಅಂತೀಯ.
ಗೊತ್ತು. ಸಂತೆಯಲ್ಲಿ ನಿನ್ನ ಹೆಂಡತಿ ಹೇಳಿದಳು,
ಔಷಧದಂಗಡಿಯವಳು ಹೇಳಿದಳು, ಪಾದ್ರಿಯೂ ಹೇಳಿದರು.
ಈ ಮರಿಗಳಿಗೆ ಮಾತ್ರ ಯಾರೂ ಹೇಳಿಲ್ಲ.
ಇವತ್ತಿಗೆ ಮೂವತ್ತಾರು ದಿನ ಇವಕ್ಕೆ.
ಮಾಯೆಲ್ಲಾದ ನೆತ್ತಿಯಲ್ಲಿ ಹಿಮ ಕರಗಿಲ್ಲ,
ಇವುಗಳ ಕಣ್ಣಿನ ನೀಲಿಯೂ ಪೂರ್ತಿ ಇಳಿದಿಲ್ಲ.

ನೋಡು ಅಲ್ಲಿ, ಬಾಲದ ತುದಿ ಮಣ್ಣಾದವನು
ಅಕ್ಕನ ಕಿವಿ ಹಿಡಿದ. ಜಗ್ಗಿದ.
ಅವಳು ಕಿರುಚಿ ಎದ್ದು ಹೋದಳು, ಆಟ ಮುಗಿಯಿತು.
ಈಗವನ ಮುಖ ನೋಡು.
ಎಷ್ಟು ಕಚ್ಚಿದರೆ ಆಟ, ಎಷ್ಟು ಕಚ್ಚಿದರೆ ಒಂಟಿ,
ಈ ಲೆಕ್ಕ ನಾನು ಕಲಿಸಲಾರೆ, ನೀನೂ ಕಲಿಸಲಾರೆ.
ಕೂಗುವ ಕಿವಿಯೇ ಬೇಕು ಅದಕ್ಕೆ.

ಒಮ್ಮೆ ಕೊಟ್ಟಿದ್ದೆ. ಮುಚ್ಚಿಡುವುದೇನು?
ಭೂಮಿ ನಡುಗಿದ ವರ್ಷ, ಗಿಣ್ಣದ ಕೋಣೆಯ ಮಾಡು ಬಿದ್ದಿತ್ತು;
ಹೆಂಚಿನ ದುಡ್ಡಿಗೆಂದು ಮೂವತ್ತು ದಿನದ ಮರಿಯನ್ನು
ಪೆಸ್ಕಾರಾದ ಹಲ್ಲಿನ ಡಾಕ್ಟರಿಗೆ ಮಾರಿದೆ.
ಹಲ್ಲಿನ ಸಂಗತಿ ಬಲ್ಲವನಲ್ಲವೇ ಅಂದುಕೊಂಡೆ.
ವರ್ಷ ತುಂಬುವುದರೊಳಗೆ ಅವನ ಕೈ ಹರಿಯಿತಂತೆ,
ಒಂಬತ್ತು ಹೊಲಿಗೆ. ಸಿಟ್ಟಿನಿಂದಲ್ಲ,
ಅಕ್ಕರೆಯಿಂದ. ಚರ್ಮ ನೋಯುತ್ತದೆಂದು
ಅದಕ್ಕೆ ಯಾರೂ ಹೇಳಿರಲಿಲ್ಲ.
ಆಮೇಲೆ ಏನು ಮಾಡಿದರೆಂದು ನಾನು ಕೇಳಲಿಲ್ಲ.
ಹೆಂಚು ಈಗಲೂ ಮೇಲಿದೆ. ಸೋರುವುದಿಲ್ಲ.

ಹಾಗಂತ ಬಲಿಯಲಿ, ಬಲಿಯಲಿ ಎಂದು ಕೂತರೂ ಕಷ್ಟ.
ನನ್ನ ಗಂಡ ಒಂದನ್ನು ಐದು ತಿಂಗಳು ಇಟ್ಟುಕೊಂಡ,
ಕುರಿಗಳ ನಡುವೆಯೇ, ಅವುಗಳ ಉಣ್ಣೆಗೇ ಒರಗಿ.
ಆಮೇಲೆ ತಮ್ಮನಿಗೆ ಕೊಟ್ಟ. ಬೆಚ್ಚಗಿನ ಮನೆ, ಎರಡು ಹೊತ್ತು ಮಾಂಸ.
ಒಳಗೆ ಬಾ ಎಂದು ಬಾಗಿಲು ತೆರೆದಿಟ್ಟರೆ
ಅದು ಹೊಸ್ತಿಲಾಚೆಯೇ ಚಳಿಗಾಲ ಕಳೆಯಿತು,
ತೋಳಕ್ಕೆ ಹೆದರದ ಪ್ರಾಣಿ, ಸೋಫಾಕ್ಕೆ ಹೆದರಿ.
ನಾದಿನಿ ಅಂಗಳದಲ್ಲಿ ಬಿಳಿ ಹಾಸುಗಳನ್ನು ಒಣಹಾಕಿದ ದಿನ
ಅವುಗಳ ಸುತ್ತ ರಾತ್ರಿಯಿಡೀ ಗಸ್ತು ತಿರುಗಿತಂತೆ.
ಅದರ ಆಯುಷ್ಯದಲ್ಲಿ ಅದೊಂದು ಒಳ್ಳೆಯ ರಾತ್ರಿ.

ಹಾಗಾದರೆ ಯಾವಾಗ, ಅಂತೀಯ.
ಪಶುವೈದ್ಯೆ ಐವತ್ತಾರು ಅನ್ನುತ್ತಾಳೆ,
ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿಯೂ ಹೋಗಿದ್ದಾಳೆ.
ಅತ್ತೆ ಕ್ಯಾಲೆಂಡರ್ ನೋಡಿದವಳಲ್ಲ:
ತಾಯಿ ನಿಂತುಕೊಂಡು ಹಾಲೂಡಿಸಲಿ,
ಊಡಿಸುತ್ತ ಅರ್ಧಕ್ಕೇ ನಡೆದುಬಿಡಲಿ,
ನೇತುಬಿದ್ದದ್ದು ಯಾವ ಮರಿ ಎಂದು
ತಿರುಗಿ ನೋಡದ ದಿನ ಬರಲಿ, ಆಗ ಕೊಡು, ಅನ್ನುತ್ತಿದ್ದಳು.
ಬ್ರೀನಾ ಇನ್ನೂ ಮಲಗಿಯೇ ಊಡಿಸುತ್ತಾಳೆ.
ಹಲ್ಲು ನಾಟಿದರೆ ಗುರ್ ಅನ್ನುತ್ತಾಳೆ. ಏಳುವುದಿಲ್ಲ.

ಮಗಳಿಗೆ ಏನು ಹೇಳಲಿ ಎಂದು ನನ್ನ ಕೇಳಬೇಡ,
ಮಕ್ಕಳ ವಿಷಯದಲ್ಲಿ ನಾನು ದಡ್ಡಿ.
ನಿನ್ನ ಕಾರಿನ ಹಿಂದಿನ ಸೀಟಿನಲ್ಲಿ ಕಾಲುಚೀಲವೊಂದು ಬಿದ್ದಿದೆ,
ಹಸಿರು ಪಟ್ಟೆಯದು. ಅವಳದೇ? ತಾ ಇಲ್ಲಿ.
ಒಗೆದಿಲ್ಲ ತಾನೆ? ಒಳ್ಳೆಯದಾಯಿತು.

ಎಸೆದೆ ನೋಡು. ಬಾಲ ಮಣ್ಣಾದವನು ಆಗಲೇ ಹಿಡಿದ.
ಜಗ್ಗುತ್ತಾನೆ. ಕಾಲುಚೀಲ ಕಿರುಚುವುದಿಲ್ಲ.
ಬಿಟ್ಟು, ತಲೆ ವಾರೆ ಮಾಡಿ, ಕಾಯುತ್ತಾನೆ.
ಅಷ್ಟು ಕಲಿತಿದ್ದಾನೆ. ಉಳಿದದ್ದಕ್ಕೆ ಇಪ್ಪತ್ತು ದಿನ.

ಪೆಟ್ಟಿಗೆ ಇಲ್ಲೇ ಇರಲಿ ಬಿಡು,
ಬ್ರೀನಾ ಅದರೊಳಗೆ ಹೋಗಿ ಕೂತಾಯಿತು.